ಐದನೇ ತಾರೀಕಿನ ರಾತ್ರಿ

ಅವಳ ಹೆಸರು ನೆರೇಯಾ.
ಅಜ್ಜಿಗೆ ಅದು ನೆರೆಯವಳು ಎಂದೇ ಕೇಳಿಸಿತು, ಹಾಗೇ ಉಳಿಯಿತು.
ಸ್ಪೇನಿನ ಸಮೋರಾದಿಂದ ಹಳೇಬೀಡಿನ ಕಲ್ಲು ಅಳೆಯಲು ಬಂದು
ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ನಮ್ಮ ಎರಡು ಕೋಣೆಯ ಮನೆಯಲ್ಲಿ
ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದಳು.
ಮುದ್ದೆ ನುಂಗಲು ಕಲಿತಿದ್ದಳು. ಅಗಿದರೆ ತಮ್ಮ ನಗುತ್ತಿದ್ದ.

ಜನವರಿ ಐದು. ಊರಿಗೆ ಮಂಜು ಇಳಿದಿತ್ತು.
ಒಂದೊಂದೇ ಪದ ಹೆಕ್ಕಿ ಹೇಳಿದಳು:
ಈ ರಾತ್ರಿ ಮೂರು ರಾಜರು ಬರುತ್ತಾರೆ. ಒಂಟೆ ಮೇಲೆ.
ಎಲ್ಲರ ಮೆಟ್ಟು ಬಾಗಿಲಲ್ಲಿ ಇಡಬೇಕು.
ಬೆಳಿಗ್ಗೆ ಒಳಗೆ ಏನಾದರೂ ಇರುತ್ತದೆ. ಸಿಹಿ. ಹಣ್ಣು.

"ಎಕ್ಕಡದೊಳಗಾ?" ಎಂದ ಅಪ್ಪ.
"ತಿನ್ನೋದನ್ನಾ?"

ಬಸ್ ಸ್ಟ್ಯಾಂಡಿನ ಎದುರು, ಕಪ್ಪು ಕೊಡೆಯ ಕೆಳಗೆ
ಇಪ್ಪತ್ತೆಂಟು ವರ್ಷ ಊರಿನ ಮೆಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡ ಅಪ್ಪ,
ಕಾಸನ್ನು ಕೈಗೆ ಕೊಡದೆ ಡಬ್ಬಿಗೆ ಎಸೆದು ಹೋಗುವವರನ್ನು
ಉಂಗುಷ್ಟ ಹರಿದ ರೀತಿಯಲ್ಲೇ ಗುರುತು ಹಿಡಿಯುವ ಅಪ್ಪ,
ಮನೆಗೆ ಬಂದು ಮೂರು ಸಲ ಸೋಪು ಹಾಕಿ ಕೈ ತೊಳೆಯುವ ಅಪ್ಪ.
ಅವನಿಗೇ ಸರಿ ಕಾಣಲಿಲ್ಲ.

ತಪ್ಪು ಪದ ಬಳಸಿದೆನೇನೋ ಎಂದು
ಅವಳು ಪುಟ್ಟ ನಿಘಂಟು ತೆಗೆದಳು.

ಅಜ್ಜಿಯ ಚಿಂತೆ ಬೇರೆ.
"ರಾಜರು ಅಂತೀಯ. ಸರಿ. ನಮ್ ಬಾಗಿಲಿಗೆ ಬತ್ತಾರಾ?"
ಬರುತ್ತಾರೆ.
"ಬಂದರೆ, ಅವರು ತಮ್ಮ ಎಕ್ಕಡ ಎಲ್ಲಿ ಬಿಡ್ತಾರೆ?"
ಅದು ಅವಳಿಗೆ ಗೊತ್ತಿರಲಿಲ್ಲ.
ಸಮೋರಾದಲ್ಲಿ ಯಾರೂ ಕೇಳಿರಲಿಲ್ಲವಂತೆ.

ಕೊನೆಗೆ ತಮ್ಮನೇ ಎದುರುಮನೆ ಎಮ್ಮೆಯ ಮುಂದಿಂದ
ಒಂದು ಹಿಡಿ ರಾಗಿಹುಲ್ಲು ಕದ್ದು ತಂದ, ಒಂಟೆಗೆ.
ಬಕೆಟ್ಟಿನಲ್ಲಿ ನೀರು. ಮೂರು ಲೋಟ ಕಾಫಿ, ತಟ್ಟೆ ಮುಚ್ಚಿ.
ಮೂರನೆಯ ರಾಜ ಕಪ್ಪು ಬಣ್ಣದವನು ಎಂದು ತಿಳಿದಾಗ
ಅಮ್ಮ ಅವನ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಸಾಲಿಟ್ಟೆವು: ತಮ್ಮನ ಸ್ಕೂಲ್ ಶೂ, ಅಮ್ಮನ ಹವಾಯಿ, ನನ್ನದು,
ಬಾರು ಸವೆದ ಅಪ್ಪನದು,
ಅಕ್ಟೋಬರಿನಿಂದ ಬಾಯಿ ಬಿಟ್ಟುಕೊಂಡಿದ್ದ ನೆರೇಯಾಳ ಬೂಟು.
ತಡವಾಗಿ, ಟ್ರಂಕಿನ ತಳದಿಂದ, ಅಜ್ಜಿ ತಂದಿಟ್ಟಳು
ಅಪ್ಪ ಮೊದಲ ಸಲ ಒಬ್ಬನೇ ಕೂತು ಹೊಲಿದ ಜೋಡನ್ನು.
ಅಟ್ಟೆಗೆ ಇನ್ನೂ ಮಣ್ಣು ತಾಗಿರಲಿಲ್ಲ.
ಹುಡುಗಿಯಾಗಿದ್ದಾಗ ಗೌಡರ ಬೀದಿ ಮುಗಿಯುವವರೆಗೆ
ಕೈಯಲ್ಲಿ ಹಿಡಿದು ನಡೆದವಳು. ಆಮೇಲೆ
ಕಾಲಿಗೇ ಮರೆತುಹೋಯಿತು ಎನ್ನುತ್ತಿದ್ದಳು.

ನಡುರಾತ್ರಿ ಎಚ್ಚರವಾದಾಗ ಪಕ್ಕದ ಚಾಪೆ ಖಾಲಿ.
ಮತ್ತೊಮ್ಮೆ ಎಚ್ಚರವಾದಾಗ ಅವಳು ಮಲಗಿದ್ದಳು,
ಹೊರಗೆ ಬಲ್ಬು ಉರಿಯುತ್ತಿತ್ತು. ಯಾರೋ ಕೆಮ್ಮಿದರು.
ಆ ಕೆಮ್ಮು ನನಗೆ ಗೊತ್ತು. ಕಣ್ಣು ಮುಚ್ಚಿದೆ.

ಬೆಳಿಗ್ಗೆ ತಮ್ಮನ ಶೂನಲ್ಲಿ ಇದ್ದಿಲು. ತುಂಟರಿಗೆ ಅದೇ ಅಂತೆ.
ಅತ್ತ, ನೆಕ್ಕಿದ, ಸಕ್ಕರೆ ಎಂದು ಕುಣಿದ.
ಅಮ್ಮನಿಗೆ ಬಳೆ. ನನಗೆ ಪೆನ್ನು.
ಅಪ್ಪನ ಎಕ್ಕಡದೊಳಗೆ ದಾರದುಂಡೆ, ದಪ್ಪ, ಕಂದು, ಹೊಸದು.
ಅಜ್ಜಿಯದರಲ್ಲಿ ಒಂದು ಕಿತ್ತಳೆ.

ನೆರೇಯಾಳ ಬೂಟು ಖಾಲಿ.
ನಮಗ್ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನಾಚಿದೆ.
ಅವಳು ಕಾಲು ತೂರಿಸಿ, ನಿಂತು,
ಮತ್ತೆ ತೆಗೆದು, ತಿರುಗಿಸಿ ನೋಡಿದಳು.
ಬೂಟಿನ ಬಾಯಿ ಮುಚ್ಚಿತ್ತು.
ಹೊಲಿಗೆ ಎಣಿಸಿದಳು, ಕನ್ನಡದಲ್ಲೇ, ಹದಿನೇಳರವರೆಗೆ.
ಹದಿನೆಂಟಕ್ಕೆ ದನಿ ಬರಲಿಲ್ಲ.

"ರಾಜರು ಹೊಲಿಗೆನೂ ಕಲ್ತವ್ರೆ,"
ಎಂದ ಅಪ್ಪ, ಹಲ್ಲುಪುಡಿ ಉಗುಳಿ.

ಅಜ್ಜಿ ಹುಲ್ಲು ಚೆಲ್ಲಿದ ಹೊಸ್ತಿಲನ್ನೇ ನೋಡುತ್ತಿದ್ದಳು.
"ನಾನು ಮಲಗಿರ್ಲಿಲ್ಲ. ಬಂದಿದ್ರು.
ಒಂದು ಚೂರು ಸದ್ದಿಲ್ಲ. ಬರಿಗಾಲು.
ಕೈಯಲ್ಲಿ ಹಿಡ್ಕೊಂಡು ಬಂದಿದ್ರು ಕಣವ್ವ ಎಕ್ಕಡವ,
ನಮ್ ಬಾಗಿಲಿಗೆ."

ಏನಂತೆ, ಎಂದು ನೆರೇಯಾ ನನ್ನತ್ತ ನೋಡಿದಳು.
ನಾನು ಹೇಳಲಿಲ್ಲ.

ಕಿತ್ತಳೆ ಆರು ಪಾಲಾಯಿತು.
ಮೂರನೆಯ ಲೋಟದ ತಳದಲ್ಲಿ ಕರಗದ ಸಕ್ಕರೆ ಉಳಿದಿತ್ತು,
ತಮ್ಮ ಅದನ್ನೂ ಬಿಡಲಿಲ್ಲ.